ತಳದ ಹಾಳೆಯಲ್ಲಿ ನಿಮ್ಮ ಸಹಿ

ಮಲ್ಲಪ್ಪ ಕಾಕಾ,

ಕೆಲಸ ಕಲಿಯಲೆಂದು ಗಾಂಧಿ ಚೌಕದ ನಿಮ್ಮ ಅಂಗಡಿಗೆ ಬಂದ ಮೊದಲ ದಿನ, ನೀವು ನನ್ನೆದುರು ಒಣದ್ರಾಕ್ಷಿಯ ಬಾಕ್ಸೊಂದನ್ನು ಬೋರಲು ಹಾಕಿದ್ದಿರಿ. ಮಾಲು ತಂದ ರೈತ ಪಕ್ಕದಲ್ಲೇ ನಿಂತಿದ್ದ. ಅವನ ಮುಖ ನೋಡದೆ ನನಗೆ ಹೇಳಿದಿರಿ: "ಮ್ಯಾಲಿನವು ನಗತಾವ ಲೇ. ತಳದವನ್ನ ಮಾತಾಡ್ಸು." ಅಂದಿನಿಂದ ನಾನು ಯಾವುದನ್ನೂ ಮೇಲಿನಿಂದ ನೋಡಿಲ್ಲ. ಮದುವೆಯ ಕರೆಯೋಲೆಯನ್ನೂ ಕೊನೆಯ ಸಾಲಿನಿಂದ ಓದುತ್ತೇನೆ. ಇದರಿಂದ ನನಗೆ ಒಳ್ಳೆಯದಾಯಿತೋ ಏನೋ... ನಿಮ್ಮನ್ನೊಮ್ಮೆ ಕೇಳಬೇಕೆಂದಿದ್ದೆ.

ಹೋದ ತಿಂಗಳು ಒಬ್ಬ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಮುರಿಯದ ನಗು. ಊರ ಹೊರಗಿನ ವಿಮಾನ ನಿಲ್ದಾಣದಿಂದ ನೇರ ದುಬೈಗೆ ಹಾರಲು ಅವನ ಕಂಪನಿ ದಿಲ್ಲಿ ಸರ್ಕಾರದ ಅನುಮತಿ ಕೇಳುತ್ತಿದೆಯಂತೆ. ಇಲ್ಲಿಂದ ಬೆಂಗಳೂರಿಗೇ ಓಡಾಟ ಇನ್ನೂ ಕುದುರಿಲ್ಲ, ಆಗಲೇ ದುಬೈ! ಹೋಗುವ ಜನ ಇದ್ದಾರೆಂದು ತೋರಿಸಲು ಅರ್ಜಿಯ ಜೊತೆ ಒಂದು ಸಹಿಪಟ್ಟಿ ಇಡಬೇಕು. ಪಟ್ಟಿ ನಿಜವೆಂದು ನಮ್ಮ ಒಣದ್ರಾಕ್ಷಿ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ, ಅಂದರೆ ನಾನು, ಬರೆದುಕೊಡಬೇಕು.

"ಕಡೀ ಹಾಳಿಗೆ ಒಂದು ಸಹಿ ಸಾಕ್ರಿ ಸರ್," ಅಂದ. "ಎಲ್ಲಾ ಓದೂ ತ್ರಾಸ ತಗೋಬ್ಯಾಡ್ರಿ."

ಹಾಗೆ ಹೇಳಿದವನ ಕಾಗದ ಓದದೆ ಬಿಡುವುದು ಹೇಗೆ? ಅವನು ಹೋದ ಮೇಲೆ ತಳದ ಹಾಳೆಯಿಂದ ಸುರು ಮಾಡಿದೆ. ಅದರಲ್ಲಿ ನಿಮ್ಮ ಹೆಸರಿತ್ತು. ತಿಕೋಟಾ ವಿಳಾಸ. "ಪ್ರಯಾಣಿಸಲು ಇಚ್ಛಿಸುತ್ತೇನೆ." ಎದುರಿಗೆ ಬಾಲ ಮೇಲೆತ್ತಿದ ನಿಮ್ಮ ಸಹಿ. ನೀವು ತೀರಿಕೊಂಡು ಐದು ತಿಂಗಳಾಗಿತ್ತು. ಹಾಳೆಯ ಮೇಲೆಲ್ಲೂ ತಾರೀಖು ಇರಲಿಲ್ಲ.

ಫೋನು ಹಚ್ಚಿದೆ. "ಸತ್ತವರನ್ನೂ ದುಬೈಗೆ ಒಯ್ಯಾವರೇನ್ರಿ ನೀವು?"

"ಅಯ್ಯೋ ಸರ್, ದೀಪಾವಳಿ ಮುಂಚೆ ಅವರ ಮನಿಗೇ ಹೋಗಿದ್ವಿ. ಅವಲಕ್ಕಿ ತಿನ್ನಿಸಿ ಸಹಿ ಮಾಡ್ಯಾರ."

ಆ ಅವಲಕ್ಕಿ ನನ್ನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು. ಸುಳ್ಳು ಹೇಳುವವರೇ ತಿಂಡಿಯ ಹೆಸರು ನೆನಪಿಟ್ಟಿರುತ್ತಾರೆ. ಪಟ್ಟಿಯಲ್ಲಿದ್ದ ಬೇರೆಯವರನ್ನೂ ಒಬ್ಬೊಬ್ಬರಾಗಿ ಕೇಳಿದೆ. ಬಬಲೇಶ್ವರದವರು ಕೆಲವರು ಹೌದೆಂದರು. ಅರಕೇರಿಯ ಒಬ್ಬ ಗಾಬರಿಯಾದ: "ದುಬೈಕ? ಯಪ್ಪಾ, ನಾ ಊರಿಗೆ ಇನ್ನೊಂದು ಬಸ್ ಬಿಡ್ತಾರಂತ ಸಹಿ ಮಾಡೇನ್ರಿ!"

ಮರುದಿನ ತಿಕೋಟಾಕ್ಕೆ ಹೋದೆ. ಕಾಕಿಯ ಮುಂದೆ ಹಾಳೆ ಚಾಚಿ, ಇದು ಖೊಟ್ಟಿ ಸಹಿ, ಕಂಪನಿಯವರನ್ನು ಬಿಡುವುದಿಲ್ಲ ಅಂದೆ. ಆಕೆ ಕನ್ನಡಕ ಹುಡುಕಲೂ ಇಲ್ಲ.

"ಅವರದ ಐತಿ."

"ಕಾಕಿ, ಸರಿಯಾಗಿ ನೋಡು ಬೇ."

"ಏನ್ ನೋಡೂದು? ಅವಲಕ್ಕಿ ನಾನ ಮಾಡಿದ್ದೆ. ನಿನಗ ಹೇಳಬ್ಯಾಡ ಅಂದಿದ್ರು."

"ಯಾಕ?"

"ನೀ ನಗತೀ ಅಂತ."

ಒಳಗೆ ಹೋಗಿ ಟ್ರಂಕಿನಿಂದ ನಿಮ್ಮ ಪಾಸ್‌ಪೋರ್ಟ್ ತಂದಳು. ಫೋಟೋದಲ್ಲಿ ನೀವು ಕ್ಯಾಮೆರಾವನ್ನೂ ನಂಬದವರಂತೆ ನೋಡುತ್ತಿದ್ದಿರಿ. ಉಳಿದ ಪುಟಗಳೆಲ್ಲ ಖಾಲಿ.

ಹೋದ ಮಳೆಗಾಲದಲ್ಲಿ ನಾನೇ ನಿಮ್ಮನ್ನು ಸ್ಕೂಟರಿನ ಮೇಲೆ ಪೋಸ್ಟ್ ಆಫೀಸಿನ ಎದುರು ಇಳಿಸಿದ್ದೆ, ನೆನಪಿದೆಯೇ? "ಮೊಣಕಾಲಿನ ಡಾಕ್ಟರು ಹಿಂದಿನ ಓಣ್ಯಾಗ ಅದಾರ, ನೀ ಹೋಗು," ಅಂದಿರಿ. ಪಾಸ್‌ಪೋರ್ಟ್ ಕೊಡುವವರು ಆ ಪೋಸ್ಟ್ ಆಫೀಸಿನಲ್ಲೇ ಕೂರುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಹೊಳೆಯಲಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಬೋರಲು ಹಾಕಿ ನೋಡಿದ ನಾನು ನಿಮ್ಮನ್ನು ಮಾತ್ರ...

ದುಬೈಯಲ್ಲಿ ನಿಮಗೇನು ಕೆಲಸ? ಕಾಕಿ ಹೇಳಿದಳು. ಜೀವಮಾನವಿಡೀ ನೀವು ಕಳಿಸಿದ ಮಾಲು ದಲಾಲರ ಕೈ ದಾಟಿ ಅಲ್ಲಿಗೆ ಹೋಗುತ್ತದೆಂದು ಕೇಳಿದ್ದಿರಿ. ಅದನ್ನು ಅಲ್ಲಿ ಬೇರೆ ಯಾವುದೋ ದೇಶದ ಹೆಸರಲ್ಲಿ ಮಾರುತ್ತಾರೆಂಬ ಗುಮಾನಿ ನಿಮಗೆ. "ಒಮ್ಮೆ ಆ ಬಜಾರದಾಗ ನಿಂತು ಒಂದು ಬಾಕ್ಸ್ ಬೋರಲು ಹಾಕಬೇಕು," ಅನ್ನುತ್ತಿದ್ದಿರಂತೆ. "ತಿಕೋಟಾದ ಹಣ್ಣು ನನಗ ಗುರ್ತು ಸಿಗೂದಿಲ್ಲೇನು?" ಎರಡು ವಿಮಾನ ಬದಲಿಸಿ ಹೋಗಲು ಮಾತ್ರ ಮನಸ್ಸಿರಲಿಲ್ಲ. ನಡುವೆ ಇಳಿಸಿ ಎಲ್ಲಿಗೋ ಕಳಿಸಿದರೆ?

ಆ ಪಟ್ಟಿ ಒಂದು ವಾರ ನನ್ನ ಮೇಜಿನ ಮೇಲೆ ಬಿದ್ದಿತ್ತು. ನಿಮ್ಮ ಹೆಸರು ಉಳಿಸಿದರೆ ನಾನು ಸುಳ್ಳಿಗೆ ಸಹಿ ಹಾಕಿದಂತೆ. ಹೊಡೆದುಹಾಕಿದರೆ, ನೀವು ಮುಚ್ಚಿಟ್ಟುಕೊಂಡಿದ್ದ ಒಂದೇ ಆಸೆಯನ್ನು ನನ್ನ ಕೈಯಾರೆ... ಕಂಪನಿಯವನು ಬೇರೆ ದಿನಾ ಫೋನು ಮಾಡುತ್ತಿದ್ದ: "ಪಟ್ಟಿ ಸಣ್ಣದಾದ್ರ ದಿಲ್ಲಿಯವರು ಒಪ್ಪೂದಿಲ್ರಿ ಸರ್. ಒಂದು ಹೆಸರೂ ಹೊಡೀಬ್ಯಾಡ್ರಿ."

ಹೊಡೆದೆ, ಕಾಕಾ. ಬಸ್ಸಿಗೆಂದು ಸಹಿ ಮಾಡಿದವನದನ್ನೂ, ಅವನಂಥ ಇನ್ನೂ ನಾಲ್ವರದನ್ನೂ. ನಿಮ್ಮದನ್ನು ಕೊನೆಗೆ ಹೊಡೆದೆ, ಸಹಿಯ ಬಾಲ ಕಾಣುವಷ್ಟು ಉಳಿಸಿ. ಅದರ ಕೆಳಗೆ, ಹೋಗುವವರ ಸಾಲಿನಲ್ಲೇ, ನನ್ನ ಹೆಸರು ಬರೆದೆ. ಆಮೇಲೆ ಪಟ್ಟಿ ನಿಜವೆಂದು ಬರೆದುಕೊಟ್ಟೆ.

ಅನುಮತಿ ಸಿಗುತ್ತದೆಂದು ನಾನು ನಂಬಿಲ್ಲ. ಸಿಕ್ಕರೂ ವಿಮಾನ ಹಾರುತ್ತದೆಂದು ನಂಬಿಲ್ಲ. ಹಾರಿದರೆ ಮಾತ್ರ ಆ ಬಜಾರದಲ್ಲಿ ಒಂದು ಬಾಕ್ಸ್ ಖಂಡಿತ ಬೋರಲಾಗುತ್ತದೆ.

ನಿನ್ನೆ ಕಾಕಿ ಫೋನು ಮಾಡಿ ನಾಳೆ ಊಟಕ್ಕೆ ಬಾ ಅಂದಳು. ಆಗುವುದಿಲ್ಲ, ಪೋಸ್ಟ್ ಆಫೀಸಿನ ಹಿಂದಿನ ಓಣಿಗೆ ಹೋಗಬೇಕು, ಮೊಣಕಾಲು ತೋರಿಸಬೇಕು ಅಂದೆ.

ಯಾವ ಡಾಕ್ಟರೆಂದು ಆಕೆ ಕೇಳಲಿಲ್ಲ.

"ಫೋಟೋದಾಗ ನೀನರೆ ಸ್ವಲ್ಪ ನಗು," ಅಂದಳು.

ನಿಮ್ಮ,
ಬಸವರಾಜ