ನಾಳೆ ಹೇಳ್ತೇನಿ

೧೮ ಜೂನ್, ಬುಧವಾರ. ಜಮಖಂಡಿ

ಕಣ್ಣು ಉರಿಯುತ್ತಿವೆ. ಇಷ್ಟು ವರ್ಷ ಹೀಗೇ ಕಂಪ್ಯೂಟರ್ ಕಲಿಸಿದ್ದೇನೆ, ರಾತ್ರಿ ಕಲಿತದ್ದನ್ನು ಬೆಳಿಗ್ಗೆ ಹೇಳಿಕೊಡುತ್ತ. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ "ನಾಳೆ ಹೇಳ್ತೇನಿ" ಎಂದರಾಯಿತು.

ಇವತ್ತು ಬನಹಟ್ಟಿಯಿಂದ ಬರುವ ಶೀತಲ್ ಎಕ್ಸೆಲ್‌ನ ಯಾವುದೋ ಹೊಸ ಸೂತ್ರ ಕೇಳಿದಳು. ಅದೇ ಉತ್ತರ ಕೊಟ್ಟೆ.

"ಇರಲಿ ಬಿಡ್ರಿ ಮೇಡಂ, ಮೊಬೈಲ್‌ಗೆ ಕೇಳ್ತೇನಿ," ಎಂದಳು.

ನಾನು ಬೋರ್ಡ್ ಒರೆಸುವಷ್ಟರಲ್ಲಿ ಅದು ಹೇಳಿಯೇಬಿಟ್ಟಿತ್ತು. ನನಗಿದ್ದದ್ದು ಒಂದು ನಾಳೆ, ಅದನ್ನೂ ಕಸಿದುಕೊಂಡಿತು. ಸಿಟ್ಟು ಬರಲಿಲ್ಲ, ದಣಿವಷ್ಟೇ.

ಕ್ಲಾಸ್ ಮುಗಿದ ಮೇಲೆ ಅದೇ ಹುಡುಗಿ ಬಾಗಿಲಿನಿಂದ ತಿರುಗಿ ಬಂದು ಮೊಬೈಲ್ ಮುಂದೆ ಹಿಡಿದಳು. "ಮೇಡಂ, ಇದು ಹೇಳಿದ್ದು ಖರೆ ಐತೇನ್ರಿ?"

ಓದಿದೆ. ತಿಳಿಯಲಿಲ್ಲ.

"ನಾಳೆ ಹೇಳ್ತೇನಿ," ಎಂದೆ.

ನಂಬಿ ಹೋದಳು. ಇನ್ನು ಮಲಗುವ ಹಾಗಿಲ್ಲ.