ಆ ಕಣಿವೆಗೆ ಬೇಲಿ ಇಲ್ಲ, ಕೊಗ್ಗಣ್ಣ

ಫೆಬ್ರವರಿ 1988

ಕೊಗ್ಗಣ್ಣನಿಗೆ,

ಮರುಭೂಮಿಯ ಈ ಸಣ್ಣ ಆಸ್ಪತ್ರೆಯಿಂದ ದಮಯಂತಿಯ ನಮಸ್ಕಾರ. ನಾನು ಸೌಖ್ಯ. ನೀನು ಸಿಟ್ಟಿನಲ್ಲಿದ್ದೀ ಎನ್ನುವುದು ಕಾಗದ ಒಡೆಯುವ ಮೊದಲೇ, ಅದನ್ನು ಅಲ್ ಖುವೈರ್‌ನಿಂದ ಹೊತ್ತು ತಂದ ಡ್ರೈವರನ ಮುಖ ನೋಡಿಯೇ ಗೊತ್ತಾಯಿತು.

ಶನಿವಾರ ಈ ಸೀಮೆಯ ಅಧಿಕಾರಿ ವಾಲಿಯವರು ಪಂಚಾಯಿತಿ ಕರೆದಿದ್ದಾರೆ, ನಾನು ಅಲ್ಲಿಗೆ ಬಂದು, ನೀನು ಕಡಿಸಿದ ಆ ಮರ ಮೊದಲೇ ಒಣಗಿತ್ತು, ಅದರ ಮೇಲೆ ಏನೂ ಇರಲಿಲ್ಲ, ಹೆಂಗಸರು ಸುಮ್ಮನೆ ಗಲಾಟೆ ಮಾಡಿದರು ಎಂದು ಹೇಳಬೇಕು. ಇಲ್ಲವಾದರೆ ನಿನ್ನನ್ನು ಅಣ್ಣ ಎಂದು ಕರೆಯಬಾರದು. ಇದು ನಿನ್ನ ಅಪ್ಪಣೆ. ಹೆಂಗಸರದ್ದೇ ತಪ್ಪು ಎಂದು ತೀರ್ಮಾನವಾದರೆ ನಿನಗೆ ವೀಸಾ ಕೊಟ್ಟ ಧಣಿ, ನಿನ್ನ ಕಫೀಲ್, ಪ್ರತಿ ಚಳಿಗಾಲವೂ ತನ್ನ ಅತಿಥಿಗಳನ್ನು ಬೇಟೆಗೆಂದು ಆ ಕಣಿವೆಗೇ ತಂದು ಇಳಿಸಬಹುದು. ಆ ಮರವನ್ನು ಕಡಿಯುವ ಮೊದಲು ಕಂಡವರಲ್ಲಿ ನಿಮ್ಮ ಗುಂಪಿಗೂ ಆ ಹೆಂಗಸರಿಗೂ ಸೇರದವಳು ನಾನೊಬ್ಬಳೇ. ನನ್ನ ಮಾತಿಗೆ ತೂಕ ಇದೆ ಎಂದು ನಿನಗೆ ಈಗಲಾದರೂ ಅನಿಸಿತಲ್ಲ, ಸಂತೋಷ.

ಉತ್ತರವನ್ನು ಕಾಗದದ ಕೊನೆಗೆ ಬರೆಯುವುದು ವಾಡಿಕೆ. ನಿನಗೆ ತಾಳ್ಮೆ ಕಡಿಮೆ, ಇಲ್ಲೇ ಬರೆದುಬಿಡುತ್ತೇನೆ. ಹೇಳುವುದಿಲ್ಲ.

ಈಗ ಕಾರಣ ಕೇಳು. ಉಮ್ಮ್ ಹಮದ್ ಎಂಬ ಮುದುಕಿಯ ಕಾಲಿನ ಹುಣ್ಣಿಗೆ ಔಷಧ ಕಟ್ಟಲು ನಾನು ಆ ಕಣಿವೆಗೆ ಹೋಗಿ ಬರುತ್ತಿದ್ದೆ. ಹಮದನ ತಾಯಿ ಎಂದಷ್ಟೇ ಅವಳ ಹೆಸರು. ಮಳೆ ಬಿದ್ದ ಕಡೆಗೆ ಮೇಕೆ ಅಟ್ಟಿಕೊಂಡು ಹೋಗುವ ಜನ ಅವರು. ಹೊರಡುವಾಗ ಸದ್ಯಕ್ಕೆ ಬೇಡದ ಸಾಮಾನನ್ನೆಲ್ಲ ಗಂಟು ಕಟ್ಟಿ ಜಾಲಿ ಮರಕ್ಕೆ ಏರಿಸಿ ಹೋಗುತ್ತಾರೆ. ಡೇರೆಯ ಕೋಲು, ಕಂಬಳಿ, ಮಜ್ಜಿಗೆ ಕಡೆಯುವ ಚರ್ಮದ ಚೀಲ, ತೀರಿಕೊಂಡ ಮಗಳನ್ನು ಮಲಗಿಸುತ್ತಿದ್ದ ತೊಟ್ಟಿಲು ಎಲ್ಲವೂ ಆ ಮರದ ಮೇಲಿದ್ದವು. ಕಳ್ಳರ ಭಯ ಇಲ್ಲವೇ ಎಂದು ಕೇಳಿದ್ದೆ. “ಮರದಲ್ಲಿಟ್ಟದ್ದನ್ನು ಮುಟ್ಟುವವನು ಮನುಷ್ಯನೇ ಅಲ್ಲ, ಮಗಳೇ” ಎಂದು ನಕ್ಕಿದ್ದಳು.

ಆಮೇಲೆ ನೀನು ಬಂದೆ. ಕಪ್ಪು ಕನ್ನಡಕ, ಸಾಲು ಸಾಲು ಲ್ಯಾಂಡ್ ಕ್ರೂಸರ್, ಗಡಿಯಾಚೆಯ ಅತಿಥಿಗಳು, ಅವರ ಮುಂಗೈ ಮೇಲೆ ಕಣ್ಣು ಮುಚ್ಚುವ ಟೋಪಿ ಹಾಕಿಕೊಂಡ ಗಿಡುಗಗಳು, ಅಡುಗೆಯವರು, ಜನರೇಟರ್. ಮದುವೆ ದಿಬ್ಬಣಕ್ಕೂ ನಮ್ಮ ಕಡೆ ಅಷ್ಟು ಗೌಜಿ ಇರುವುದಿಲ್ಲ. ಮಾಂಸ ಸುಡಲು ಸೌದೆ ಬೇಕಾಯಿತು, ನೀನು ಆ ಮರ ತೋರಿಸಿದೆ. ಮೇಲಿದ್ದ ಗಂಟುಗಳು ಯಾರೋ ಬಿಟ್ಟುಹೋದ ಕಸ ಎಂದು ನೀನು ತಿಳಿದೆ. ಅವೂ ಬೆಂಕಿಗೆ ಹೋದವು. ಇಷ್ಟು ಗೊತ್ತಿಲ್ಲದೆ ಆದದ್ದು, ಒಪ್ಪುತ್ತೇನೆ. ಮಣ್ಣಿನ ಗೋಡೆ, ಮರದ ಕಪಾಟು ಕಂಡು ಬೆಳೆದ ನಮಗೆ ಮರವೇ ಕಪಾಟು ಎಂದು ಹೇಗೆ ತಿಳಿಯಬೇಕು?

ಮರುದಿನ ಹೆಂಗಸರೆಲ್ಲ ಬಂದು ದಾರಿಗೆ ಅಡ್ಡ ಕುಳಿತಾಗ ನಿನಗೆ ತಿಳಿಯಿತಲ್ಲ. ಆಗಲಾದರೂ ತಪ್ಪಾಯಿತು ಎಂದೆಯಾ? ಅವರೊಡನೆ ಅವರ ಭಾಷೆಯಲ್ಲಿ ಮಾತಾಡಲು ನನ್ನನ್ನು ಆಸ್ಪತ್ರೆಯಿಂದ ಎಬ್ಬಿಸಿಕೊಂಡು ಹೋದೆ. “ಎಂಥದು ಮಾರಾಯ್ತಿ ಇದು? ಬೇಲಿ ಉಂಟಾ? ಗಡಿಕಲ್ಲು ಉಂಟಾ? ಸರ್ಕಾರಿ ಜಾಗ, ಯಾರು ಬೇಕಾದ್ರೂ ಬೇಟೆ ಆಡ್ಬಹುದು. ಏಳ್ಲಿಕ್ಕೆ ಹೇಳು ಅವ್ರಿಗೆ. ಖಲಾಸ್!” ನೀನು ಹೇಳಿದ್ದನ್ನು ನಾನು ಹಾಗೆಯೇ ಹೇಳಿದೆ. ಉಮ್ಮ್ ಹಮದ್ ಹೇಳಿದ್ದನ್ನೂ ನಿನಗೆ ಹೇಳಿದೆ. “ಬೇಟೆ ಬೇಡ ಎಂದವರು ಯಾರು? ನಮ್ಮ ಗಂಡಸರೂ ಆಡಿದವರೇ. ಬಂದವರು ಮೊದಲು ನಮ್ಮ ಕಹ್ವಾ ಕಾಫಿ ಕುಡಿಯಬೇಕು, ಮೇಕೆ ಎಲ್ಲಿ ಮೇಯುತ್ತಿವೆ, ಎತ್ತ ಹೋಗಬಾರದು ಎಂದು ಕೇಳಬೇಕು.” ನೀನು ಕೇಳಿಸಿಕೊಳ್ಳಲಿಲ್ಲ. ಗಾಡಿ ಹತ್ತಿ ಹಾರ್ನ್ ಒತ್ತಿದೆ. ಆಗ ನಾನೂ ಹೋಗಿ ಅವರ ಪಕ್ಕ ಕುಳಿತೆ, ಬಿಳಿ ಯೂನಿಫಾರ್ಮಿನಲ್ಲೇ. ನೀನು ಮತ್ತೂ ಹಾರ್ನ್ ಒತ್ತಿದೆ.

ಕೊನೆಗೆ ಇಳಿದು ಬಂದದ್ದು ನಿನ್ನ ಅತಿಥಿಗಳಲ್ಲಿ ಹಿರಿಯರು. ಗಿಡುಗವನ್ನು ಇನ್ನೊಬ್ಬರ ಕೈಗೆ ದಾಟಿಸಿ, ಬೂದಿಯ ಹತ್ತಿರ ಹೋಗಿ ನಿಂತರು. ತಮ್ಮ ಕಡೆಯೂ ಮರದ ಗಂಟನ್ನು ಯಾರೂ ಮುಟ್ಟುವುದಿಲ್ಲ ಎಂದರು, ಮುದುಕಿಯ ಕ್ಷಮೆ ಕೇಳಿದರು, ಬಿಡಾರ ಬಿಚ್ಚಿಸಿದರು. ಬೇಟೆಗಾರನೇ ತಿರುಗಿ ಹೊರಟ ಮೇಲೂ ನೀನು ಹೆಂಗಸರ ಮೇಲೆ ಕೂಗಾಡುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಆ ಪೂಜಾರಿಯನ್ನು ಅಂದು ಕಣ್ಣಾರೆ ಕಂಡೆ. ನನಗೆ ನಾಚಿಕೆಯಾಯಿತು, ಕೊಗ್ಗಣ್ಣ.

ಬೇಲಿ ಉಂಟಾ ಎಂದು ನೀನು ಕೇಳಿದೆ. ನಮ್ಮ ಮನೆಯ ಹಿಂದಿನ ಕುಮ್ಕಿ ಗುಡ್ಡಕ್ಕೆ ಯಾವ ಬೇಲಿ ಇತ್ತು? ಜಾಗ ಸರ್ಕಾರದ್ದು, ಸೊಪ್ಪು, ಸೌದೆ, ದನ ಮೇಯಿಸುವ ಹಕ್ಕು ಕೆಳಗಿನ ಗದ್ದೆಯವರದ್ದು. ಕೆಡ್ಡಸ ಹಬ್ಬದ ಬೇಟೆಗೆ ಹೊರಟ ಊರವರು ಕೂಡ ನಮ್ಮ ಅಂಗಳಕ್ಕೆ ಬಂದು ಅಪ್ಪನನ್ನು ಕೇಳದೆ ಗುಡ್ಡಕ್ಕೆ ನಾಯಿ ಬಿಡುತ್ತಿರಲಿಲ್ಲ. ಪೇಟೆಯ ಬಂದೂಕಿನವರು ಜೀಪಿನಲ್ಲಿ ಬಂದು ಹಂದಿ ಹೊಡೆಯಲು ನುಗ್ಗಿದಾಗ ಕತ್ತಿ ಹಿಡಿದು ಅಡ್ಡ ನಿಂತವನು ಯಾರು? “ಸರ್ಕಾರದ ಜಾಗ ಆದ್ರೆ ಸರ್ಕಾರವನ್ನೇ ಕರ್ಕೊಂಡು ಬನ್ನಿ. ಮೇಲೆ ನಮ್ಮ ದನ ಉಂಟು” ಎಂದವನು ಯಾರು? ನಿನ್ನ ಹಿಂದೆ ಕೈಯಲ್ಲಿ ಕಲ್ಲು ಹಿಡಿದು ನಾನು ನಿಂತಿದ್ದೆ. ಜೀಪು ಹಿಂದಕ್ಕೆ ಹೋಯಿತು. ದಾರಿಗೆ ಅಡ್ಡ ನಿಲ್ಲುವುದನ್ನು ನಾನು ಕಲಿತದ್ದು ಈ ಮರುಭೂಮಿಯಲ್ಲಲ್ಲ.

ನಿನ್ನ ಭಯ ನನಗೆ ಅರ್ಥವಾಗುತ್ತದೆ. ಪಾಸ್‌ಪೋರ್ಟ್ ಕಫೀಲನ ಬೀರುವಿನಲ್ಲಿದೆ, ಅತ್ತಿಗೆಗೆ ಈಗ ಏಳನೇ ತಿಂಗಳು. ನನ್ನನ್ನು ಈ ದೇಶಕ್ಕೆ ಕರೆತಂದವನೂ ನೀನೇ. ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಹೊತ್ತು ಓಡಿದ್ದನ್ನು ಮರೆತಿಲ್ಲ. ಕೆಲಸ ಹೋದರೆ ಇಬ್ಬರೂ ನನ್ನಲ್ಲಿಗೆ ಬನ್ನಿ, ಗಂಜಿಯೋ ಊಟವೋ ಒಟ್ಟಿಗೆ ಉಣ್ಣೋಣ. ಹೆರಿಗೆ ನಾನೇ ನೋಡಿಕೊಳ್ಳುತ್ತೇನೆ. ಇದೆಲ್ಲ ಮಾಡಬಲ್ಲೆ. ಆ ಮುದುಕಿಯ ಮುಂದೆ ನಿಂತು, ನಿನ್ನ ಮಗಳ ತೊಟ್ಟಿಲು ಅಲ್ಲಿ ಇರಲೇ ಇಲ್ಲ ಎಂದು ಹೇಳಲು ಮಾತ್ರ ನನ್ನಿಂದ ಆಗದು.

ಶನಿವಾರ ವಾಲಿಯವರ ಮುಂದೆ ಬರುತ್ತೇನೆ. ಮರ ಹಸಿಯಾಗಿತ್ತು ಎನ್ನುತ್ತೇನೆ. ಅದರ ಮೇಲೆ ಏನೇನಿತ್ತು ಎಂದು ಹೇಳುತ್ತೇನೆ. ಕಡಿಸಿದವನು ಯಾರು ಎಂದು ಕೇಳಿದರೆ ನಿನ್ನತ್ತ ಬೆರಳು ತೋರಿಸುತ್ತೇನೆ. ಅವನು ನಿನಗೇನಾಗಬೇಕು ಎಂದು ಕೇಳಿದರೆ, ಒಡಹುಟ್ಟಿದ ಅಣ್ಣ ಎನ್ನುತ್ತೇನೆ. ಅದೂ ಸತ್ಯವೇ. ನೀನು ಬೇಡವೆಂದ ಮಾತ್ರಕ್ಕೆ ಅದನ್ನೂ ಬಿಡುವವಳಲ್ಲ ನಾನು.

ಊರಿನ ದೈವಗಳು ನಿನ್ನನ್ನೂ ಅತ್ತಿಗೆಯನ್ನೂ ಹುಟ್ಟಲಿರುವ ಮಗುವನ್ನೂ ಕಾಯಲಿ. ಶನಿವಾರ ನಿನ್ನ ನಾಲಗೆಯ ಮೇಲೂ ನಿಲ್ಲಲಿ.

ನಿನ್ನ ತಂಗಿ,
ದಮಯಂತಿ