ಕಡಲಿನ ಪಾಲು

ಡೂನೀನ್, ಕಾರ್ಕ್ ಸೀಮೆ
೧೯೧೫ ಮೇ ೧೨, ಬುಧವಾರ

ಮುದ್ದಿನ ಮಗ ಫಿನ್‌ಬಾರ್,

ಕೆಮ್ಮು ಹೋಯ್ತೇನೋ? ಹಡಗಿನ ಒಲೆಗೆ ಕಲ್ಲಿದ್ದಲು ಸುರಿದು ಸುರಿದು ಎದೆ ಕಟ್ಟಿರುತ್ತೆ. ನಾನು ಹೆಣೆದ ಉಣ್ಣೆ ಅಂಗಿ ಹಾಕ್ಕೋತಿದ್ದೀಯೋ, ಇಲ್ಲ ಗೆಳೆಯರು ನಗ್ತಾರೆ ಅಂತ ಪೆಟ್ಟಿಗೆ ತಳಕ್ಕೆ ತುರುಕಿದ್ದೀಯೋ? ಇಲ್ಲಿ ನಾವು ಆರಾಮ. ಕೋಳಿಗಳೂ ಆರಾಮ, ಕೆಂಪು ಹುಂಜ ಮಾತ್ರ ನಿಮ್ಮಪ್ಪನ ಹಾಗೆ ಎಲ್ಲರ ಮೇಲೂ ಹಾಯುತ್ತೆ.

ಅಮೆರಿಕದಿಂದ ಜನ ತುಂಬಿಕೊಂಡು ಬರ್ತಿದ್ದ ಆ ದೊಡ್ಡ ಹಡಗನ್ನ ಜರ್ಮನರು ಶುಕ್ರವಾರ ಮಧ್ಯಾಹ್ನ ನಮ್ಮ ಕಣ್ಣೆದುರೇ ಮುಳುಗಿಸಿದರು ಕಣೋ. ಆಲೂಗಡ್ಡೆ ಒಲೆ ಮೇಲಿಟ್ಟಿದ್ದೆ, ಢಂ ಅಂತು. ಓಡಿ ಬಂದರೆ ಹಡಗು ಒಂದು ಮಗ್ಗುಲಿಗೆ ವಾಲಿತ್ತು. ಆಲೂಗಡ್ಡೆ ಬೇಯೋದರೊಳಗೆ ಅಲ್ಲಿ ಬರೀ ನೀರು. ನಿಮ್ಮಪ್ಪನ ಮನೆತನದ ನಂಬಿಕೆ ನಿನಗೆ ಗೊತ್ತಲ್ಲ: ಕಡಲು ತಾನು ಹಿಡಿದವನನ್ನ ಯಾರಾದರೂ ಕಿತ್ಕೊಂಡರೆ, ಕಿತ್ಕೊಂಡವನ ಮನೆಯಿಂದಲೇ ಅದು ಇನ್ನೊಬ್ಬನನ್ನ ಕೇಳುತ್ತೆ. ನಿಮ್ಮ ತಾತ ಹಾಗೇ ಒಬ್ಬ ನಾವಿಕ ಮುಳುಗೋದನ್ನ ನೋಡ್ತಾ ನಿಂತಿದ್ದರಂತೆ, ಮನೇಲಿ ಮಕ್ಕಳಿದ್ದಾರೆ ಅಂತ. ಅಂಥವರ ಮಗ, ನಿಮ್ಮಪ್ಪ, ದೋಣಿ ತಳ್ಳಿದರು! ಪಕ್ಕದ ಮನೆ ಬಾರ್ಟ್ಲಿ, "ನಿನ್ನ ಮಗ ಕಡಲ ಮೇಲಿದ್ದಾನೆ ಕಣಯ್ಯ, ತಲೆ ಕೆಟ್ಟಿದೆಯಾ?" ಅಂತ ತೋಳು ಹಿಡಿದ. "ಬಾಯ್ಮುಚ್ಕೊಂಡು ಹುಟ್ಟು ಹಿಡಿ" ಅಂದರು ನಿಮ್ಮಪ್ಪ. ಬೈಕೊಂಡೇ ಅವನೂ ಹತ್ತಿದ.

ಗಾಳಿ ಇರಲಿಲ್ಲ, ಹೋಗೋದು ಬರೋದು ಎಲ್ಲ ತೋಳಿನ ಬಲದಲ್ಲೇ. ಸಂಜೆ ಆರು ಜನರನ್ನ ಜೀವಂತ ತಂದರು. ನಿಮ್ಮಪ್ಪನ ಅಂಗೈ ಚರ್ಮ ಹುಟ್ಟಿಗೇ ಅಂಟಿತ್ತು, ಕೋಟು ಯಾವಳೋ ಬಾಣಂತಿಯ ಮೈಮೇಲಿತ್ತು. ಅವಳಿಗೆ ನನ್ನ ಭಾನುವಾರದ ಶಾಲೂ ಹೊದಿಸಿ ಕಳಿಸಿದೆ; ಚರ್ಚಿಗೆ ಏನು ಹೊದ್ದು ಹೋಗ್ಲಿ ಅಂತ ಕೇಳಬೇಡ. ಇಪ್ಪತ್ತೈದು ವರ್ಷ ಆ ಮನುಷ್ಯನ ಜೊತೆ ಜಗಳ ಆಡಿದ್ದೀನಿ ಫಿನ್‌ಬಾರ್, ಇಂಥವರು ಅಂತ ಗೊತ್ತೇ ಇರಲಿಲ್ಲ. ದಡದಲ್ಲಿ ಎಲ್ಲರೆದುರು ಅವರ ಕೈಗೆ ಮುತ್ತಿಟ್ಟೆ. "ಬಿಡೇ, ಉರಿಯುತ್ತೆ" ಅಂದರು.

ಹೊಟ್ಟೆ ತುಂಬ ತಿನ್ನು. ಮಾತೆ ಮೇರಿ ನಿನ್ನ ಮಗ್ಗುಲಲ್ಲೇ ಕೂತು ಕಾಯಲಿ.

ನಿನ್ನ ಅಮ್ಮ,
ಹನೋರಾ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಬಾರ್ಟ್ಲಿ ನಿನ್ನೆ ಬಾಯಿಬಿಟ್ಟ: ಒಬ್ಬೊಬ್ಬರನ್ನ ನೀರಿಂದ ಎಳೆದಾಗಲೂ ನಿಮ್ಮಪ್ಪ "ತಪ್ಪಾಯ್ತು ಕಣೋ ಫಿನ್‌ಬಾರ್" ಅಂದರಂತೆ. ಆರು ಸಲ. ಆವತ್ತಿಂದ ತುತ್ತು ಮುಟ್ಟದೆ ಅಂಚೆ ಕಚೇರಿ ಕಟ್ಟೆ ಮೇಲೆ ಕೂತಿದ್ದಾರೆ. ಬದುಕಿದ್ದೀನಿ ಅಂತ ಒಂದೇ ಒಂದು ಸಾಲು ಬರಿ ಮಗನೇ. ನನಗಲ್ಲ, ಅವರ ಹೆಸರಿಗೆ.